ಗಡಿಯಾರವನ್ನು ಹಿಡಿದಿಡುವ ಪಟ್ಟಿ

ಕೈಗಡಿಯಾರ ಕೊಳ್ಳಲು ಹೋದವರು ಅದರ ಮುಖವನ್ನು ನೋಡುತ್ತಾರೆ, ಮುಳ್ಳುಗಳನ್ನು ನೋಡುತ್ತಾರೆ, ಎಷ್ಟು ವರ್ಷದ ಖಾತರಿ ಎಂದು ಕೇಳುತ್ತಾರೆ, ನೀರು ಹೊಕ್ಕೀತೇ ಎಂದು ವಿಚಾರಿಸುತ್ತಾರೆ. ಅದನ್ನು ಮಣಿಕಟ್ಟಿಗೆ ಹಿಡಿದಿಡುವ ಪಟ್ಟಿಯ ಕುರಿತು ಕೇಳುವವರು ವಿರಳ. ಅಂಗಡಿಯವರು ‘ಬೆಲ್ಟ್’ ಎಂದು ಕರೆಯುವ ಚರ್ಮದ ಪಟ್ಟಿಯಾಗಲಿ, ‘ಚೈನ್’ ಎಂದು ಕರೆಯುವ ಉಕ್ಕಿನ ಸರಪಳಿಯಾಗಲಿ, ಗಡಿಯಾರದ ಜೊತೆಗೆ ತಾನಾಗಿಯೇ ಬರುವ ವಸ್ತು ಎಂಬುದು ಸಾಮಾನ್ಯ ಭಾವನೆ. ಆದರೆ ಗಡಿಯಾರ ಕಳೆದುಕೊಂಡವರನ್ನು ಕೇಳಿ ನೋಡಿ. ಯಂತ್ರ ನಿಂತುಹೋಗಿ ಗಡಿಯಾರ ಕೈಬಿಟ್ಟವರಿಗಿಂತ, ಪಟ್ಟಿ ಸಡಿಲಿ, ಪಿನ್ನು ಜಾರಿ, ಅಥವಾ ಬಿಚ್ಚಿಟ್ಟಲ್ಲಿಯೇ ಮರೆತು ಕಳೆದುಕೊಂಡವರೇ ನಮ್ಮ ಪರಿಚಯದಲ್ಲಿ ಹೆಚ್ಚು.

ಈ ಸಣ್ಣ ವಿಷಯದ ಬಗ್ಗೆ ನಾವು ಇಷ್ಟು ಯೋಚಿಸಬೇಕಾಗಿ ಬಂದದ್ದು ಒಂದು ಅಮಾನತ್ತಿನ ಕಾರಣದಿಂದ. ನಮ್ಮ ತಂಗಿಯ ಪತಿ ಸೌದಿ ಅರೇಬಿಯಾದ ದಮ್ಮಾಮಿನಲ್ಲಿ ವಾಹನ ದುರಸ್ತಿಯ ಕಾರ್ಯಾಗಾರವೊಂದರಲ್ಲಿ ದುಡಿಯುತ್ತಿದ್ದರು. ಅಲ್ಲಿ ಹಲವು ತಿಂಗಳು ಉಳಿಸಿದ ಹಣದಿಂದ ಅವರು ಒಂದು ಸ್ವಿಸ್ ಕೈಗಡಿಯಾರವನ್ನು ಕೊಂಡಿದ್ದರು. ಸೆಲ್ಲು ಬೇಡದ, ಕೈಯ ಚಲನೆಯಿಂದಲೇ ಸ್ಪ್ರಿಂಗ್ ಸುತ್ತಿಕೊಳ್ಳುವ ಜಾತಿಯದು. ತಮ್ಮ ಆಯುಷ್ಯದಲ್ಲಿ ತಮಗಾಗಿ ಅವರು ಕೊಂಡ ಬೆಲೆಬಾಳುವ ವಸ್ತು ಬಹುಶಃ ಅದೊಂದೇ. ಅವರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯ ಜೊತೆಗೆ ಅದೂ ಊರಿಗೆ ಬಂತು. ತಂಗಿಯ ಇದ್ದತ್ ಮುಗಿದು ಆಸ್ತಿಯ ಮಾತುಕತೆ ನಡೆದಾಗ ಗಡಿಯಾರದ ವಿಷಯವೂ ಎದ್ದಿತು. ಅದು ಮಗನಿಗೇ ಹೋಗಬೇಕೆಂದು ಎಲ್ಲರೂ ಒಂದೇ ಮಾತಿನಲ್ಲಿ ಹೇಳಿದರು. ಆದರೆ ಮೃತರ ವಸ್ತು ಸಣ್ಣದಿರಲಿ ದೊಡ್ಡದಿರಲಿ, ಎಲ್ಲ ವಾರಸುದಾರರ ಹಕ್ಕು ಅದರಲ್ಲಿರುತ್ತದೆ. ಮಕ್ಕಳಿರುವ ವಿಧವೆಗೆ ಎಂಟನೆಯ ಒಂದು ಪಾಲು. ಉಳಿದ ಪಾಲಿನಲ್ಲಿ ಮಗಳೂ ಇದ್ದಾಳೆ. ತಾಯಿ ಪ್ರಾಯಕ್ಕೆ ಬಂದವಳು, ತನ್ನ ಪಾಲನ್ನು ಮನಸ್ಸಾರೆ ಮಗನಿಗೆ ಬಿಟ್ಟುಕೊಡಬಹುದು. ಮಗಳಿಗೆ ಆಗ ಒಂಬತ್ತು ವರ್ಷ. ಅಪ್ರಾಪ್ತ ವಯಸ್ಸಿನ ಮಗುವಿನ ಹಕ್ಕನ್ನು ಬಿಟ್ಟುಕೊಡಲು ಆ ಮಗುವಿಗೂ ಅಧಿಕಾರವಿಲ್ಲ, ಅವಳ ಪರವಾಗಿ ನಮಗೂ ಇಲ್ಲ. ಆದುದರಿಂದ ಗಡಿಯಾರಕ್ಕೆ ಬೆಲೆ ಕಟ್ಟಿಸಿ, ಅದನ್ನು ಮಗನ ಲೆಕ್ಕಕ್ಕೆ ಬರೆದು, ಮಗಳ ಪಾಲನ್ನು ನಗದಾಗಿ ಅವಳ ಹೆಸರಿಗೆ ಜಮಾ ಮಾಡಿದೆವು. ಹುಡುಗನಿಗೆ ಪ್ರಾಯ ತುಂಬುವವರೆಗೆ ಗಡಿಯಾರ ನಮ್ಮ ಕಪಾಟಿನಲ್ಲಿಯೇ ಇತ್ತು. ಆ ನಾಲ್ಕು ವರ್ಷಗಳಲ್ಲಿ ನಾವು ಅದನ್ನು ಒಂದು ದಿನವೂ ಧರಿಸಲಿಲ್ಲ. ತಿಂಗಳಿಗೊಮ್ಮೆ ಹೊರತೆಗೆದು, ಕೀಲಿ ತಿರುಗಿಸಿ, ಯಂತ್ರ ಓಡುತ್ತಿದೆಯೇ ಎಂದು ನೋಡಿ ಮತ್ತೆ ಇಡುತ್ತಿದ್ದೆವು.

ಕಳೆದ ವರ್ಷ ಹುಡುಗನಿಗೆ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಸೀಟು ದೊರೆಯಿತು. ಹೊರಡುವ ಹದಿನೈದು ದಿನ ಮೊದಲು ಅವನು ನಮ್ಮಲ್ಲಿಗೆ ಬಂದು, “ಮಾಮು, ಅಬ್ಬಾರವರ ಗಡಿಯಾರವನ್ನು ಇನ್ನು ನಾನು ಕಟ್ಟಿಕೊಳ್ಳಬಹುದೇ?” ಎಂದು ಕೇಳಿದನು. ಅವನ ವಸ್ತುವನ್ನು ಅವನಿಗೆ ನಿರಾಕರಿಸಲು ನಮಗೆ ಯಾವ ಅಧಿಕಾರವೂ ಇರಲಿಲ್ಲ. ಆದರೆ ತಂಗಿಗೆ ಅದು ಒಪ್ಪಿಗೆಯಾಗಲಿಲ್ಲ. “ಭಾಯಿಜಾನ್, ಅದು ಮನೆಯಲ್ಲಿಯೇ ಇರಲಿ. ಬೆಂಗಳೂರಿನ ಬಸ್ಸಿನಲ್ಲಿ ಒಂದು ದಿನ ಕಳೆದುಹೋದರೆ ಮತ್ತೆ ಎಲ್ಲಿಂದ ತರುವುದು?” ಎಂದಳು. ಅವಳ ಭಯ ಗಡಿಯಾರದ ಬೆಲೆಯ ಕುರಿತಾದುದಲ್ಲವೆಂದು ನಮಗೂ ಗೊತ್ತಿತ್ತು, ಹುಡುಗನಿಗೂ ಗೊತ್ತಿತ್ತು. ಅವನು ವಾದಿಸಲಿಲ್ಲ, ತಲೆ ತಗ್ಗಿಸಿ ಕುಳಿತನು. ಕೊನೆಗೆ ನಾವು ಒಂದು ಮಾತು ಹೇಳಿದೆವು: ಭದ್ರವಾದ ಪಟ್ಟಿ ದೊರೆತರೆ ಹುಡುಗ ಅದನ್ನು ಧರಿಸಲಿ, ದೊರೆಯದಿದ್ದರೆ ರಜೆಗೆ ಬಂದಾಗ ಮಾತ್ರ ಧರಿಸಲಿ. ತಂಗಿ ಒಪ್ಪಿದಳು. ಹೀಗೆ ತಾಯಿ ಮಗನ ನಡುವಿನ ಆ ಮಾತು ಒಂದು ಪಟ್ಟಿಯ ಮೇಲೆ ಬಂದು ನಿಂತಿತು.

ಶಿವಮೊಗ್ಗದ ಗಾಂಧಿ ಬಜಾರಿನ ಬದಿಯ ಓಣಿಯಲ್ಲಿ ನಮಗೆ ಪರಿಚಿತರಾದ ಒಬ್ಬ ಹಿರಿಯ ಗಡಿಯಾರ ರಿಪೇರಿಯವರು ಇದ್ದಾರೆ. ಎಚ್.ಎಂ.ಟಿ. ಗಡಿಯಾರಗಳ ಮೇಲೆ ಕೈ ಪಳಗಿಸಿಕೊಂಡ ತಲೆಮಾರಿನವರು. ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಕಾರ್ಖಾನೆಯ ಗಡಿಯಾರಗಳು ನಮ್ಮ ತಂದೆಯವರ ಕಾಲದಲ್ಲಿ ಮದುವೆಯ ಉಡುಗೊರೆಯೂ ಹೌದು, ನಿವೃತ್ತಿಯ ಕಾಣಿಕೆಯೂ ಹೌದು. ಹುಡುಗನನ್ನು ಕರೆದುಕೊಂಡು ಅವರಲ್ಲಿಗೆ ಹೋದೆವು. ಅವರು ಗಡಿಯಾರವನ್ನು ಕೈಗೆತ್ತಿಕೊಂಡು ಅದರ ಮುಖವನ್ನು ಕ್ಷಣಮಾತ್ರ ನೋಡಿ, ಕೂಡಲೇ ಮಗುಚಿ, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಪಟ್ಟಿ ಸೇರುವ ಜಾಗವನ್ನು ಪರೀಕ್ಷಿಸತೊಡಗಿದರು. “ಯಂತ್ರ ಆಮೇಲೆ ನೋಡೋಣ ಸಾಬರೇ, ಮೊದಲು ಇದು ಯಾವುದರ ಮೇಲೆ ನಿಂತಿದೆ ಎಂದು ನೋಡಬೇಕು” ಎಂದರು.

ಅದು ಯಾವುದರ ಮೇಲೆ ನಿಂತಿದೆ ಎಂಬುದನ್ನು ನಾವು ಅಂದು ಕಣ್ಣಾರೆ ಕಂಡೆವು. ಗಡಿಯಾರದ ಮೇಲೂ ಕೆಳಗೂ ಎರಡೆರಡು ಕೊಂಬುಗಳು ಚಾಚಿಕೊಂಡಿರುತ್ತವೆ. ಒಂದೊಂದು ಜೋಡಿ ಕೊಂಬುಗಳ ನಡುವೆ ಒಂದು ಸಣ್ಣ ಕಡ್ಡಿ. ಅದನ್ನು ಸ್ಪ್ರಿಂಗ್ ಬಾರ್ ಎನ್ನುತ್ತಾರೆ. ಹೊರಗೆ ತೆಳುವಾದ ಉಕ್ಕಿನ ನಳಿಕೆ, ಒಳಗೆ ಕೂದಲಿನಂಥ ಸ್ಪ್ರಿಂಗು, ಎರಡು ತುದಿಗಳಲ್ಲಿ ಹೊರಕ್ಕೆ ಒತ್ತುವ ಎರಡು ಪುಟ್ಟ ಮೊಳೆಗಳು. ಆ ಮೊಳೆಗಳು ಕೊಂಬುಗಳ ಒಳಬದಿಯ ಕುಳಿಗಳಲ್ಲಿ ಕುಳಿತುಕೊಳ್ಳುತ್ತವೆ. ಸಾಧಾರಣ ಕಡ್ಡಿಯ ದಪ್ಪ ಒಂದೂವರೆ ಮಿಲಿಮೀಟರು; ತುಸು ಗಟ್ಟಿಯಾದುದು 1.8 ಮಿಲಿಮೀಟರು. ಸಾವಿರಗಳ ಗಡಿಯಾರವೂ ಲಕ್ಷಗಳ ಗಡಿಯಾರವೂ ಬಹುಮಟ್ಟಿಗೆ ಇಂಥ ಎರಡು ಕಡ್ಡಿಗಳನ್ನೇ ನಂಬಿ ಮಣಿಕಟ್ಟಿನಲ್ಲಿ ನಿಂತಿರುತ್ತವೆ. ಬೆವರಿನ ಉಪ್ಪು ನಳಿಕೆಯ ಒಳಹೊಕ್ಕು ಸ್ಪ್ರಿಂಗನ್ನು ತಿನ್ನುತ್ತದೆ, ಮೊಳೆ ಸವೆಯುತ್ತದೆ, ನಳಿಕೆ ನಡುವೆ ಬಾಗುತ್ತದೆ. ಹೊರಗಿನಿಂದ ನೋಡುವವನಿಗೆ ಯಾವುದೂ ಕಾಣಿಸದು. ನಮ್ಮ ಭಾವನವರ ಗಡಿಯಾರದಿಂದ ಹೊರತೆಗೆದ ಒಂದು ಕಡ್ಡಿಯ ತುದಿಯನ್ನು ಹಿರಿಯರು ಬೆರಳಿನಿಂದ ಒತ್ತಿದರು. ಅದು ಒಳಕ್ಕೆ ಹೋದುದು ಹೊರಕ್ಕೆ ಬರಲೇ ಇಲ್ಲ. ದಮ್ಮಾಮಿನ ಸೆಕೆಯ ಬೆವರೆಲ್ಲ ಅದರೊಳಗೆ ತುಕ್ಕಾಗಿ ಕುಳಿತಿತ್ತು. ಹುಡುಗ ಆ ಕಡ್ಡಿಯನ್ನು ಬಹಳ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದನು.

ಹೊಸ ಕಡ್ಡಿಗಳ ಬೆಲೆ ಒಂದು ಊಟದ ಬೆಲೆಯನ್ನು ಮೀರಲಿಲ್ಲ. ಬೆಲೆಬಾಳುವ ಗಡಿಯಾರ ಇರುವವರು ಪಟ್ಟಿ ಬದಲಾಯಿಸುವಾಗಲೆಲ್ಲ ಹಳೆಯ ಕಡ್ಡಿಗಳನ್ನು ಎಸೆದು ಹೊಸದನ್ನೇ ಹಾಕಿಸಬೇಕೆಂಬುದು ಹಿರಿಯರ ಸಲಹೆ. ನಮಗೆ ಅದು ತೀರ ಸರಿ ಎನಿಸಿತು. ಕೊಂಬುಗಳ ನಡುವಿನ ಅಂತರಕ್ಕೆ ಕಡ್ಡಿಯ ಉದ್ದ ಸರಿಯಾಗಿರಬೇಕು. ಇಪ್ಪತ್ತು ಮಿಲಿಮೀಟರಿನ ಜಾಗಕ್ಕೆ ಹದಿನೆಂಟರ ಕಡ್ಡಿಯನ್ನು ಹಾಕಿದರೆ ಮೊಳೆಯ ತುದಿ ಮಾತ್ರ ಕುಳಿಗೆ ತಾಗಿ ನಿಲ್ಲುತ್ತದೆ, ಒಂದು ಎಳೆತಕ್ಕೆ ಹೊರಬರುತ್ತದೆ. ಪಟ್ಟಿ ಹಾಕಿದ ಮೇಲೆ ಹಾಸಿಗೆಯ ಮೇಲೆ ಕುಳಿತು, ಗಡಿಯಾರವನ್ನು ಒಂದು ಕೈಯಲ್ಲಿ ಹಿಡಿದು, ಪಟ್ಟಿಯನ್ನು ಇನ್ನೊಂದು ಕೈಯಿಂದ ಎರಡೂ ಬದಿಗೆ ಬಲವಾಗಿ ಎಳೆದು ನೋಡಬೇಕು. ಬೀಳುವುದಿದ್ದರೆ ಹಾಸಿಗೆಯ ಮೇಲೆಯೇ ಬೀಳಲಿ. ಮುಳುಗುಗಾರರ ಗಡಿಯಾರಗಳಿಗಾಗಿ ಇರುವ ಐ.ಎಸ್.ಒ. 6425 ಎಂಬ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಪಟ್ಟಿ ಸೇರುವ ಜಾಗಕ್ಕೆ 200 ನ್ಯೂಟನ್ ಬಲವನ್ನು, ಅಂದರೆ ಸುಮಾರು ಇಪ್ಪತ್ತು ಕಿಲೋ ಭಾರದಷ್ಟನ್ನು, ಹಾಕಿ ಪರೀಕ್ಷಿಸುತ್ತಾರೆ. ನಮ್ಮ ಕೈಯ ಎಳೆತ ಅದರ ಮುಂದೆ ಏನೂ ಅಲ್ಲ. ಆದರೂ ಕೈಯ ಎಳೆತಕ್ಕೇ ಸೋಲುವ ಪಟ್ಟಿಗಳು ಪೇಟೆಯಲ್ಲಿ ಧಾರಾಳವಾಗಿವೆ.

ಇನ್ನು ಪಟ್ಟಿಯ ವಿಷಯ. ಹುಡುಗನ ಕಣ್ಣು ಕಂದುಬಣ್ಣದ ಚರ್ಮದ ಪಟ್ಟಿಯ ಮೇಲಿತ್ತು. ಚರ್ಮದ ಪಟ್ಟಿ ನೋಡಲು ಗಂಭೀರ, ಹಗುರ, ಮಣಿಕಟ್ಟಿಗೆ ಮೃದು. ಆದರೆ ದಿನಕ್ಕೆ ಐದು ಬಾರಿ ವುಝೂ ಮಾಡುವವನ ಕೈಗೆ ಅದು ಹೇಳಿಸಿದ್ದಲ್ಲವೆಂಬುದು ನಮ್ಮ ಅಭಿಪ್ರಾಯ. ವುಝೂವಿನಲ್ಲಿ ಕೈಗಳನ್ನು ಮೊಣಕೈಯವರೆಗೆ ತೊಳೆಯಬೇಕು, ನೀರು ಚರ್ಮವನ್ನು ಮುಟ್ಟಬೇಕು. ಬಿಗಿಯಾದ ಉಂಗುರವನ್ನು ಅಲುಗಾಡಿಸಿ ಅದರಡಿಗೆ ನೀರು ತಲುಪಿಸಬೇಕೆಂದು ಫಿಕ್ಹ್ ಗ್ರಂಥಗಳಲ್ಲಿ ಮಕ್ಕಳಿಗೆ ನಾವು ಕಲಿಸುತ್ತೇವೆ. ಬಿಗಿಯಾದ ಗಡಿಯಾರದ ಪಟ್ಟಿಗೂ ಅದೇ ನಿಯಮ ಅನ್ವಯಿಸುತ್ತದೆ. ಹಾಗಾಗಿ ಒಂದೋ ಪಟ್ಟಿ ನೀರಿಗೆ ಅಂಜದಂಥದ್ದಾಗಿ ಸಡಿಲವಾಗಿರಬೇಕು, ಇಲ್ಲವೇ ಪ್ರತಿ ಬಾರಿಯೂ ಗಡಿಯಾರವನ್ನು ಬಿಚ್ಚಿಡಬೇಕು. ಚರ್ಮ ನೀರಿಗೆ ಬಿದ್ದರೆ ಗಡುಸಾಗಿ ಬಿರಿಯುತ್ತದೆ. ಹೊಲಿಗೆಯ ದಾರ ಕೊಳೆಯುತ್ತದೆ. ಮೊದಲು ಬಿಟ್ಟುಕೊಳ್ಳುವುದು ಕಡ್ಡಿಯನ್ನು ಸುತ್ತುವ ಜಾಗದ ಹೊಲಿಗೆ, ಅದು ಕಣ್ಣಿಗೆ ಬೀಳದ ಜಾಗ. ನೀರಿಗೆ ಬೀಳಬಾರದೆಂದು ಬಿಚ್ಚುತ್ತಾ ಹೋದರೆ ದಿನಕ್ಕೆ ಐದು ಬಾರಿ ಅದೇ ರಂಧ್ರ, ಅದೇ ಬಕಲ್ಲು, ಅದೇ ಮಡಿಕೆ. ಒಂದು ವರ್ಷದೊಳಗೆ ಆ ರಂಧ್ರ ಹಿಗ್ಗಿ ಕಣ್ಣೀರಿನ ಹನಿಯ ಆಕಾರ ತಾಳುತ್ತದೆ.

ಬಿಚ್ಚಿಡುವುದರಲ್ಲಿ ಇನ್ನೊಂದು ಅಪಾಯವಿದೆ. ನಮ್ಮ ಮಸೀದಿಯ ಕಪಾಟಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇದೆ. ನಲ್ಲಿಗಳ ಮೇಲಿನ ಕಟ್ಟೆಯಲ್ಲಿ, ಹೌಝಿನ ಅಂಚಿನಲ್ಲಿ ಜನರು ಮರೆತುಹೋದ ವಸ್ತುಗಳೆಲ್ಲ ಅದರಲ್ಲಿ ಸೇರುತ್ತವೆ. ಕನ್ನಡಕ, ಕೀಲಿಗೊಂಚಲು, ಉಂಗುರ, ಮತ್ತು ಯಾವಾಗಲೂ ಒಂದೆರಡು ಕೈಗಡಿಯಾರ. ಸಿಕ್ಕಿದ ವಸ್ತುವನ್ನು ಒಂದು ವರ್ಷದವರೆಗೆ ಸಾರಬೇಕೆಂಬ ಪ್ರವಾದಿವರ್ಯರ (ಸ) ಆದೇಶದಂತೆ ಜುಮಾ ಮುಗಿದ ಮೇಲೆ ನಾವು ಸಾರುತ್ತೇವೆ. ಮಾಲೀಕರು ಬಂದು ಒಯ್ಯುವುದೂ ಉಂಟು. ಬಾರದೇ ಇರುವವರು ಹೆಚ್ಚಾಗಿ ಪ್ರಯಾಣಿಕರು. ಬಸ್ಸಿನಿಂದಿಳಿದು ಅಸರ್ ನಿರ್ವಹಿಸಿ ಹೋದವರಿಗೆ ತಮ್ಮ ಗಡಿಯಾರ ಯಾವ ಊರಿನ ಕಟ್ಟೆಯಲ್ಲಿ ಉಳಿಯಿತೆಂಬುದೇ ನೆನಪಿರುವುದಿಲ್ಲ. ಆ ಡಬ್ಬಿಗೆ ಬಂದ ಗಡಿಯಾರಗಳಲ್ಲಿ ಹೆಚ್ಚಿನವು ಬಕಲ್ಲಿನ ಚರ್ಮದ ಪಟ್ಟಿಯವೇ ಆಗಿರುವುದನ್ನು ನಾವು ಗಮನಿಸಿದ್ದೇವೆ. ಚೈನಿನ ಗಡಿಯಾರವನ್ನು ಜನರು ಮೊಣಕೈಯತ್ತ ಸರಿಸಿ ತೊಳೆದುಕೊಳ್ಳುತ್ತಾರೆ, ಇಲ್ಲವೇ ಕಳಚಿದರೆ ನೇರ ಜೇಬಿಗೆ ಹಾಕುತ್ತಾರೆ. ಪಟ್ಟಿಯದನ್ನು ಉದ್ದಕ್ಕೆ ಬಿಡಿಸಿ ಕಟ್ಟೆಯ ಮೇಲೆ ಮಲಗಿಸುತ್ತಾರೆ.

ಚರ್ಮದ ಪಟ್ಟಿಯ ವಿಷಯ ಬಂದಾಗ ಓದುಗರಲ್ಲಿ ಕೆಲವರು ಖಂಡಿತ ಕೇಳುವ ಪ್ರಶ್ನೆಯೊಂದಿದೆ: ಅದು ಯಾವ ಪ್ರಾಣಿಯ ಚರ್ಮ? ಹದಮಾಡಿದ ಚರ್ಮ ಶುದ್ಧವಾಗುತ್ತದೆಂಬುದು ಮೂಲನಿಯಮ. ಹನಫೀ ಗ್ರಂಥಗಳಲ್ಲಿಯೂ ಶಾಫಿಈ ಗ್ರಂಥಗಳಲ್ಲಿಯೂ ಹಂದಿಯ ಚರ್ಮ ಈ ನಿಯಮದಿಂದ ಹೊರಗಿದೆ. ಶಾಫಿಈಗಳಲ್ಲಿ ನಾಯಿಯದೂ ಹೊರಗಿದೆ. ಪಟ್ಟಿಯ ಮೇಲ್ಭಾಗ ಕರುವಿನ ಚರ್ಮವಾಗಿದ್ದರೂ ಒಳಪದರಕ್ಕೆ, ಅಂದರೆ ಮೈಗೆ ತಾಗುವ ಭಾಗಕ್ಕೆ, ಹಂದಿಯ ಚರ್ಮ ಬಳಸುವುದುಂಟು. ಅದು ತೆಳು, ಗಾಳಿಯಾಡುವಂಥದ್ದು. ಅದರ ಗುರುತೇನೆಂದರೆ ಕೂದಲಿನ ರಂಧ್ರಗಳು ಮೂರು ಮೂರಾಗಿ ಗುಂಪುಗೂಡಿ ತ್ರಿಕೋನದಂತೆ ಕಾಣುತ್ತವೆ. ಭೂತಗಾಜಿನಲ್ಲಿ ನೋಡಿದರೆ ಸಾಮಾನ್ಯರಿಗೂ ತಿಳಿಯುತ್ತದೆ. ಆದರೆ ಮೇಲ್ಮೈಯನ್ನು ಉಜ್ಜಿ ಬಣ್ಣ ಬಳಿದಿದ್ದರೆ ಆ ಗುರುತೂ ಅಳಿಸಿಹೋಗುತ್ತದೆ. ಹಾಗಾಗಿ ಯಾವುದರ ಚರ್ಮವೆಂದು ಬರೆದಿರುವ ಪಟ್ಟಿಯನ್ನೇ ಕೊಳ್ಳುವುದು ಉಚಿತ. ‘ಅಸಲಿ ಚರ್ಮ’ ಎಂದು ಮಾತ್ರ ಬರೆದಿದ್ದರೆ ಅದರಿಂದ ಧಾರ್ಮಿಕ ಪ್ರಶ್ನೆಗೂ ಉತ್ತರ ಸಿಗದು, ಗಟ್ಟಿತನದ ಪ್ರಶ್ನೆಗೂ ಸಿಗದು. ಚರ್ಮದ ಚೂರುಗಳನ್ನು ಅರೆದು ಅಂಟಿನಿಂದ ಹಾಳೆಮಾಡಿದ ಸರಕೂ ಆ ಹೆಸರಿನಲ್ಲಿ ಮಾರಾಟವಾಗುತ್ತದೆ, ನಾಲ್ಕು ಮಳೆಗಾಲದಲ್ಲಿ ಅಲ್ಲ, ನಾಲ್ಕು ತಿಂಗಳಲ್ಲಿ ಸಿಪ್ಪೆ ಏಳುತ್ತದೆ.

ಹಿರಿಯರು ಹುಡುಗನಿಗೆ ಹಳದಿ ಹೊಳಪಿನ ಲಾಕಿನ ಪಟ್ಟಿಯೊಂದನ್ನೂ ತೋರಿಸಿದರು. ಹುಡುಗ ನಮ್ಮ ಮುಖ ನೋಡಿದನು. ಪುರುಷರಿಗೆ ಚಿನ್ನ ನಿಷಿದ್ಧವೆಂಬುದನ್ನು ಅವನಿಗೆ ನಾವು ಚಿಕ್ಕಂದಿನಲ್ಲಿಯೇ ಕಲಿಸಿದ್ದೆವು. ಅದು ಚಿನ್ನವಲ್ಲ, ಬರಿಯ ಬಣ್ಣ ಎಂದು ಹಿರಿಯರು ನಕ್ಕರು. ಬಣ್ಣಕ್ಕೆ ನಿಷೇಧವಿಲ್ಲ, ಚಿನ್ನದ ತೆಳುಲೇಪದ ಕುರಿತು ವಿದ್ವಾಂಸರಲ್ಲಿ ವಿವರವಾದ ಚರ್ಚೆಯಿದೆ. ಆದರೆ ಅಪ್ಪಟ ಉಕ್ಕು ಅದಕ್ಕಿಂತ ಗಟ್ಟಿಯಾಗಿ ಅದಕ್ಕಿಂತ ಅಗ್ಗವಾಗಿ ದೊರೆಯುವಾಗ ಆ ಚರ್ಚೆಗೆ ಇಳಿಯುವ ಅಗತ್ಯವೇನಿದೆ? ಮದುವೆಗಳಲ್ಲಿ ವರನಿಗೆ ಚಿನ್ನದ ಚೈನಿನ ಗಡಿಯಾರ ಕೊಡಬೇಕೆಂದು ಸಾಲ ಮಾಡುವ ಹೆಣ್ಣಿನ ತಂದೆಯಂದಿರ ನೆನಪು ಆ ಹಳದಿ ಲಾಕನ್ನು ಕಂಡು ನಮಗೆ ಬಂತು. ಅದು ಬೇರೆಯೇ ಒಂದು ಲೇಖನದ ವಿಷಯ.

ನೈಲಾನಿನ ಪಟ್ಟಿಯನ್ನು ಕುರಿತು ಹಿರಿಯರು ಹೇಳಿದ್ದು ನಮಗೆ ಹೊಸತು. ಪೇಟೆಯಲ್ಲಿ ‘ನ್ಯಾಟೋ’ ಎಂದು ಕರೆಯಲಾಗುವ ಈ ಪಟ್ಟಿಯ ಮೂಲ ಬ್ರಿಟಿಷ್ ಸೈನ್ಯದಲ್ಲಿದೆ. 1973ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಇದಕ್ಕೊಂದು ಮಾನದಂಡ ನಿಗದಿಪಡಿಸಿತು. ಸೈನಿಕರು ಅದನ್ನು ಪಡೆಯಲು ತುಂಬಬೇಕಾಗಿದ್ದ ಅರ್ಜಿ ನಮೂನೆಯ ಹೆಸರಿನಿಂದ ಅದಕ್ಕೆ ‘ಜಿ-10’ ಎಂಬ ಹೆಸರು ಬಂತು. ಚರ್ಮದ ಪಟ್ಟಿಯಂತೆ ಇದು ಎರಡು ತುಂಡಲ್ಲ, ಒಂದೇ ಉದ್ದ ತುಂಡು. ಮೇಲಿನ ಕಡ್ಡಿಯ ಕೆಳಗೆ ನುಸುಳಿ, ಗಡಿಯಾರದ ಬೆನ್ನಿನಡಿಯಲ್ಲಿ ಹಾಯ್ದು, ಕೆಳಗಿನ ಕಡ್ಡಿಯಿಂದ ಹೊರಬರುತ್ತದೆ. ಎರಡು ತುಂಡಿನ ಪಟ್ಟಿಯಲ್ಲಿ ಒಂದು ಕಡ್ಡಿ ಮುರಿದರೆ ಗಡಿಯಾರ ನೆಲಕ್ಕೆ ಬೀಳುತ್ತದೆ. ಇಲ್ಲಿ ಒಂದು ಕಡ್ಡಿ ಮುರಿದರೂ ಗಡಿಯಾರ ಇನ್ನೊಂದನ್ನು ಹಿಡಿದು ನೇತಾಡುತ್ತದೆ, ಕೈ ಬಿಡುವುದಿಲ್ಲ. ಭದ್ರತೆಯೊಂದನ್ನೇ ನೋಡಿದರೆ ಇದಕ್ಕೆ ಸಮನಾದುದಿಲ್ಲ. ಬೆಲೆಯೂ ಕೆಲವು ನೂರು ರೂಪಾಯಿ. ಆದರೆ ಒದ್ದೆಯಾದರೆ ಬೇಗ ಒಣಗದು. ಲುಹರ್‌ಗೆ ಒದ್ದೆಯಾದುದು ಅಸರ್‌ನವರೆಗೂ ತೇವವಾಗಿ, ಮಳೆಗಾಲದಲ್ಲಿ ಮಗ್ಗುವಾಸನೆ ಬರುತ್ತದೆ. ಬಿಚ್ಚಿ ಕಟ್ಟುವುದೂ ತುಸು ಸಾವಕಾಶದ ಕೆಲಸ. ಇಕಾಮತ್ ಕೇಳಿದ ಮೇಲೆ ಬಾಲವನ್ನು ಎರಡು ಬಳೆಗಳೊಳಗೆ ತೂರಿಸುತ್ತಾ ನಿಂತವನ ಅವಸರವನ್ನು ಓದುಗರೇ ಊಹಿಸಿಕೊಳ್ಳಬೇಕು.

ರಬ್ಬರಿನದು ನೀರಿಗೆ ಒಳ್ಳೆಯದು. ಅಗ್ಗದ ಸಿಲಿಕೋನ್ ಮಾತ್ರ ಬೇಡ. ಧೂಳು ಹಿಡಿಯುತ್ತದೆ, ರಂಧ್ರದ ಬಳಿ ಒಂದು ಸಣ್ಣ ಗೀರು ಬಿದ್ದರೆ ಅಲ್ಲಿಂದಲೇ ಹರಿಯುತ್ತದೆ.

ಉಳಿದದ್ದು ಗಡಿಯಾರದ ಜೊತೆಗೇ ಬಂದಿದ್ದ ಉಕ್ಕಿನ ಚೈನು. ತಂಗಿಯ ಮನಸ್ಸಿನಲ್ಲಿ ಮೊದಲಿನಿಂದಲೂ ಇದ್ದದ್ದು ಅದೇ, ಏಕೆಂದರೆ ಅವಳು ಆ ಗಡಿಯಾರವನ್ನು ಪತಿಯ ಕೈಯಲ್ಲಿ ಕಂಡದ್ದು ಆ ಚೈನಿನೊಡನೆ. ಹುಡುಗನಿಗೆ ಅದು ಹಳೆಯ ಕಾಲದ್ದೆನಿಸಿತ್ತು. ಹಿರಿಯರು ಅದನ್ನು ಕೊಂಡಿ ಕೊಂಡಿಯಾಗಿ ಬಾಗಿಸಿ ನೋಡಿದರು. ಕೊಂಡಿಗಳನ್ನು ಜೋಡಿಸುವ ಪಿನ್ನುಗಳು ಗಟ್ಟಿಯಾಗಿದ್ದವು. ಒಂದು ಪಿನ್ನು ಮಾತ್ರ ಬದಿಯಿಂದ ಕೂದಲೆಳೆಯಷ್ಟು ಹೊರಗೆ ಇಣುಕುತ್ತಿತ್ತು, ಅದನ್ನು ಬದಲಾಯಿಸಿದರು. ಚೈನಿನ ಗಡಿಯಾರ ಇರುವವರು ತಿಂಗಳಿಗೊಮ್ಮೆ ಅಂಚಿನ ಮೇಲೆ ಉಗುರಾಡಿಸಿ ನೋಡಿದರೆ ಹೊರಬರುತ್ತಿರುವ ಪಿನ್ನು ಬೆರಳಿಗೆ ತಾಗುತ್ತದೆ. ಸ್ಕ್ರೂ ಇರುವ ಚೈನಾದರೆ ಸ್ಕ್ರೂವಿಗೆ ಒಂದು ಹನಿ ಲಾಕ್ ಅಂಟು ಹಾಕಿಸಬೇಕು. ನಿಜವಾದ ದೋಷವಿದ್ದುದು ಮಡಚುವ ಲಾಕಿನಲ್ಲಿ. ಅದು ಬರಿಯ ಒತ್ತಡದಿಂದ ಕಚ್ಚಿ ನಿಲ್ಲುವ ಜಾತಿಯದು. ವರ್ಷಗಟ್ಟಲೆ ತೆರೆದು ಮುಚ್ಚಿ ಅದರ ಹಲ್ಲು ಸವೆದಿತ್ತು. ತೋಳನ್ನು ಜೋರಾಗಿ ಬೀಸಿದರೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಾಗ ತೋಳು ಕೆಳಗೆ ಜಾರಿ ಗಡಿಯಾರ ಎಲ್ಲರ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಅಂಥ ಕಡೆ ಒಂದು ಬೆರಳಿನ ಎಳೆತಕ್ಕೆ ಬಿಡುವ ಲಾಕು ಇರುವುದೂ ಒಂದೇ, ಇಲ್ಲದಿರುವುದೂ ಒಂದೇ.

ಅದನ್ನು ತೆಗೆದು, ಎರಡು ಬದಿಯ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಮಾತ್ರ ತೆರೆಯುವ, ಮೇಲೊಂದು ಮಡಚುವ ರಕ್ಷಾಪಟ್ಟಿ ಇರುವ ಹೊಸ ಲಾಕನ್ನು ಹಾಕಬಹುದೆಂದು ಹಿರಿಯರು ಹೇಳಿದರು. ಈ ಬಗೆಯ ಲಾಕಿನ ಇನ್ನೊಂದು ಗುಣವನ್ನು ಅವರು ತೋರಿಸಿದಾಗ ನಮ್ಮ ಮನಸ್ಸು ಅದರತ್ತಲೇ ವಾಲಿತು. ಬಕಲ್ಲಿನ ಪಟ್ಟಿಯನ್ನು ಬಿಚ್ಚಿದ ಕ್ಷಣ ಅದು ಎರಡು ಹೋಳಾಗುತ್ತದೆ, ಹಿಡಿತ ತಪ್ಪಿದರೆ ಗಡಿಯಾರ ಕಲ್ಲಿನ ಮೇಲೆ. ಮಡಚುವ ಲಾಕು ತೆರೆದಾಗ ಚೈನು ಅಗಲವಾಗುತ್ತದೆಯೇ ಹೊರತು ಉಂಗುರ ಕಡಿಯುವುದಿಲ್ಲ. ಅದು ಇನ್ನೂ ಕೈಯನ್ನು ಸುತ್ತಿಕೊಂಡೇ ಇರುತ್ತದೆ. ನಲ್ಲಿಯ ಮುಂದೆ ಕುಳಿತವನು ಲಾಕು ತೆರೆದು, ಚೈನನ್ನು ಮೇಲೆ ಕೆಳಗೆ ಸರಿಸಿ ಅದರಡಿಗೆ ನೀರು ಹರಿಸಿ, ಕಟ್ಟೆಯ ಮೇಲೆ ಏನನ್ನೂ ಇಡದೆಯೇ ವುಝೂ ಪೂರ್ತಿಗೊಳಿಸಬಹುದು. ಉಕ್ಕಿಗೆ ನೀರಿನ ಭಯವಿಲ್ಲ. ಗಡಿಯಾರದ ಒಳಕ್ಕೆ ನೀರು ಹೋಗದಂತೆ ಬೆನ್ನಿನ ಮುಚ್ಚಳದ ರಬ್ಬರ್ ಬಳೆಯನ್ನೂ ಅಂದೇ ಬದಲಾಯಿಸಿಕೊಂಡೆವು.

ಅಂದು ಹುಡುಗ ಒಂದು ಪ್ರಶ್ನೆ ಕೇಳಿದನು. “ಇದಕ್ಕಿಂತಲೂ ಗಟ್ಟಿಯಾದುದು, ಎಂದಿಗೂ ಹರಿಯದಂಥದ್ದು ಇಲ್ಲವೇ?” ಹಿರಿಯರು ಭೂತಗಾಜನ್ನು ಕೆಳಗಿಟ್ಟರು. “ಮಗಾ, ನೀನು ಓದುವುದು ಯಾವ ವಿಭಾಗ?” ಎಂದು ಕೇಳಿದರು. ಮೆಕ್ಯಾನಿಕಲ್ ಎಂದನು. “ಹಾಗಾದರೆ ಲೇತ್ ಯಂತ್ರದ ಮುಂದೆ ನಿಲ್ಲುತ್ತೀ. ತಿರುಗುವ ಯಂತ್ರಕ್ಕೆ ಪಟ್ಟಿ ಸಿಕ್ಕಿಕೊಂಡಿತು ಎಂದಿಟ್ಟುಕೋ. ಪಟ್ಟಿ ಹರಿದರೆ ಗಡಿಯಾರ ಹೋಗುತ್ತದೆ. ಹರಿಯದಿದ್ದರೆ ಕೈ ಹೋಗುತ್ತದೆ.” ಆಗ ನಾವು ಹುಡುಗನಿಗೆ ಅವನ ತಂದೆಯ ಒಂದು ಅಭ್ಯಾಸವನ್ನು ಹೇಳಿದೆವು. ಅವನಿಗೆ ಅದು ಗೊತ್ತಿರಲಿಲ್ಲ. ಅವರೊಡನೆ ದಮ್ಮಾಮಿನಲ್ಲಿದ್ದ ಸ್ನೇಹಿತರೊಬ್ಬರು ನಮಗೆ ಹೇಳಿದ್ದು: ಕಾರ್ಯಾಗಾರದ ಬಾಗಿಲಲ್ಲಿಯೇ ಅವರು ಗಡಿಯಾರವನ್ನು ಬಿಚ್ಚಿ, ಕರವಸ್ತ್ರದಲ್ಲಿ ಸುತ್ತಿ, ಬುತ್ತಿ ಡಬ್ಬಿಯ ಖಾಲಿ ಮೇಲಂತಸ್ತಿನಲ್ಲಿ ಇಡುತ್ತಿದ್ದರಂತೆ. ಊಟದ ಹೊತ್ತಿಗೆ ಡಬ್ಬಿ ತೆರೆಯಲೇಬೇಕು, ಹಾಗಾಗಿ ಮರೆಯುವ ಪ್ರಶ್ನೆಯೇ ಇಲ್ಲ. ಹುಡುಗ ಏನೂ ಮಾತನಾಡಲಿಲ್ಲ. ಕಂದುಬಣ್ಣದ ಚರ್ಮದ ಪಟ್ಟಿಯನ್ನು ಗಾಜಿನ ಪೆಟ್ಟಿಗೆಯ ಮೇಲೆ ಹಿಂದಕ್ಕೆ ಸರಿಸಿದನು.

ಚೈನು ಅವನ ಮಣಿಕಟ್ಟಿಗೆ ಸಡಿಲವಾಗಿತ್ತು. ತಂದೆಯದು ದುಡಿದ ಕೈ, ಇವನದು ಇನ್ನೂ ತೆಳು. ಲಾಕಿನ ಮತ್ತು ಮಣಿಕಟ್ಟಿನ ನಡುವೆ ಕಿರುಬೆರಳು ಹೋಗುವಷ್ಟು ಜಾಗ ಉಳಿಯಬೇಕು ಎಂಬುದು ಅಳತೆ. ಅದಕ್ಕಿಂತ ಸಡಿಲವಾದರೆ ಗಡಿಯಾರ ಅಂಗೈಯ ಕಡೆಗೆ ಜಾರಿ ಎಲ್ಲೆಂದರಲ್ಲಿ ಬಡಿಯುತ್ತದೆ, ಬಿಗಿಯಾದರೆ ಸೆಕೆಗಾಲದಲ್ಲಿ ಕೈ ಉಬ್ಬಿದಾಗ ಕಡ್ಡಿಗಳ ಮೇಲೆ ಭಾರ ಬೀಳುತ್ತದೆ. ಲೆಕ್ಕ ಹಾಕಿ ಎರಡೂ ಬದಿಯಿಂದ ಒಂದೊಂದು ಕೊಂಡಿಯನ್ನು ತೆಗೆದರು, ಒಂದೇ ಬದಿಯಿಂದ ಎರಡು ತೆಗೆದರೆ ಲಾಕು ಮಣಿಕಟ್ಟಿನ ನಡುವೆ ಕೂರದು. ತೆಗೆದ ಎರಡು ಕೊಂಡಿಗಳನ್ನೂ, ಸವೆದ ಹಳೆಯ ಲಾಕನ್ನೂ ಕಾಗದದಲ್ಲಿ ಕಟ್ಟಿ ಕೊಟ್ಟರು. ಒಂದು ನೈಲಾನ್ ಪಟ್ಟಿಯನ್ನೂ ಕೊಂಡೆವು, ಕಾಲೇಜಿನವರು ಬೆಟ್ಟ ಹತ್ತಲು ಹೋದಾಗ ಇರಲಿ ಎಂದು.

ಮನೆಗೆ ಬಂದು ತಂಗಿಯ ಮುಂದೆ ಗಡಿಯಾರವನ್ನಿಟ್ಟೆವು. ಅವಳು ಲಾಕನ್ನು ಎಳೆದು ನೋಡಿದಳು. ಹಾಸಿಗೆಯ ಮೇಲೆ ಕುಳಿತು ಚೈನನ್ನು ಎರಡೂ ಕೈಯಿಂದ ಎಳೆದು ನೋಡಿದಳು. ಮಗನ ಕೈಗೆ ಕಟ್ಟಿಸಿ, ತೋಳು ಬೀಸು ಎಂದಳು, ಅವನು ಬೀಸಿದನು. ಇನ್ನೂ ಜೋರಾಗಿ ಎಂದಳು. ಬಳಿಕ ಮಾತಿಲ್ಲದೆ ಅಡುಗೆಮನೆಗೆ ಹೋದಳು. ಅದನ್ನೇ ನಾವು ಒಪ್ಪಿಗೆಯೆಂದು ತಿಳಿದೆವು. ಕಾಗದದ ಪೊಟ್ಟಣ ಮೇಜಿನ ಮೇಲೆಯೇ ಉಳಿದಿತ್ತು. ಹದಿಮೂರು ವರ್ಷದ ಹುಡುಗಿ ಅದನ್ನು ಬಿಚ್ಚಿ, “ಮಾಮು, ಈ ಎರಡು ತುಂಡು ಯಾರವು?” ಎಂದು ಕೇಳಿದಳು. ಲೆಕ್ಕಪ್ರಕಾರ ಅಣ್ಣನದೇ ಎಂದೆವು. ಅಣ್ಣ, “ನಿನಗೇ ಇರಲಿ, ನನ್ನ ಕೈ ದಪ್ಪವಾದಾಗ ಕೇಳುತ್ತೇನೆ” ಎಂದನು. ಅವಳು ಅವುಗಳನ್ನು ತನ್ನ ಜ್ಯಾಮಿತಿ ಪೆಟ್ಟಿಗೆಯಲ್ಲಿ, ಕೈವಾರದ ಪಕ್ಕದಲ್ಲಿ ಇಟ್ಟುಕೊಂಡಿದ್ದಾಳೆ.

ಹುಡುಗ ಈಗ ಎರಡನೆಯ ಸೆಮಿಸ್ಟರಿನಲ್ಲಿದ್ದಾನೆ. ಲೇತ್ ಇರುವ ದಿನಗಳಲ್ಲಿ ಗಡಿಯಾರವನ್ನು ಬುತ್ತಿ ಡಬ್ಬಿಯಲ್ಲಿಡುತ್ತಾನೆಂದು ಫೋನಿನಲ್ಲಿ ತಾಯಿಗೆ ಹೇಳಿದ್ದಾನೆ. ಕಡ್ಡಿಗಳನ್ನು ಹಾಕಿಸಿದ ದಿನಾಂಕವನ್ನು ನಾವು ಗಡಿಯಾರದ ಮೂಲ ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಬರೆದಿಟ್ಟಿದ್ದೇವೆ. ಮುಂದಿನ ರಜೆಗೆ ಅವನು ಬಂದಾಗ ಮತ್ತೆ ಗಾಂಧಿ ಬಜಾರಿಗೆ ಹೋಗಬೇಕು.